ಐಯೆಲ್ಟ್ಸ್ ಸ್ಕೋರ್: ‘ಪಾಸಾ, ಫೇಲಾ’ ಎಂದು ಕೇಳುವ ಮೊದಲು

ಐಯೆಲ್ಟ್ಸ್ ರಿಸಲ್ಟ್ ಬಂದ ದಿನ ನಮ್ಮ ಮನೆಗಳಲ್ಲಿ ಬಾಪ, ಉಮ್ಮ, ಕಾಕ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ‘ಪಾಸಾ, ಫೇಲಾ?’ ಮಕ್ಕಳು ಫೋನ್ ನೋಡಿಕೊಂಡು ‘ಏಳು ಬಂತು, ಆದ್ರೆ ಆಗ್ಲಿಲ್ಲ’ ಅನ್ನುತ್ತಾರೆ. ಏಳು ಬಂದ ಮೇಲೆ ಆಗಲಿಲ್ಲ ಅಂದರೆ ಎಂಥದು? ಮನೆಯವರಿಗೆ ಅರ್ಥವಾಗುವುದಿಲ್ಲ. ಮಕ್ಕಳಿಗೂ ಬಿಡಿಸಿ ಹೇಳುವ ತಾಳ್ಮೆ ಆಗ ಇರುವುದಿಲ್ಲ. ಕೊನೆಗೆ ಯಾರೋ ಒಬ್ಬರು ‘ಅವಳಿಗೆ ಇಂಗ್ಲಿಷ್ ಸಾಲದು, ಸುಮ್ಮನೆ ದುಡ್ಡು ಹಾಳು’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದ ಹುಡುಗಿಯ ದಾರಿ ಆ ಒಂದು ಮಾತಿಗೆ ಅಲ್ಲಿಗೇ ನಿಂತುಹೋಗುವುದೂ ಉಂಟು.

ಗಲ್ಫ್‌ಗೆ ಹೋದ ನಮ್ಮ ಹಿರಿಯರು ಇಂಥ ಪರೀಕ್ಷೆ ಬರೆದು ಹೋದವರಲ್ಲ. ವೀಸಾ ಬಂತು, ಹೋದರು, ಅಲ್ಲೇ ಅರಬಿ, ಹಿಂದಿ, ಇಂಗ್ಲಿಷ್ ಕಲಿತರು. ಈಗ ಮಕ್ಕಳು ಬ್ರಿಟನ್, ಐರ್ಲೆಂಡ್, ಕೆನಡಾ ಕಡೆ ಮುಖ ಮಾಡಿದ್ದಾರೆ. ಅಲ್ಲಿ ಬಾಗಿಲಲ್ಲೇ ಇಂಗ್ಲಿಷ್ ಸ್ಕೋರ್ ಕೇಳುತ್ತಾರೆ. ಪರೀಕ್ಷೆಯ ಶುಲ್ಕವೇ 15 ಸಾವಿರ ರೂಪಾಯಿ ದಾಟುತ್ತದೆ, ಕೋಚಿಂಗ್ ಖರ್ಚು ಬೇರೆ. ಇಷ್ಟು ಹಣ ಹಾಕುವ ಮನೆಯವರು ಆ ಸ್ಕೋರ್ ಹೇಗೆ ಕೂಡಿ ಬರುತ್ತದೆ ಎಂದು ತಿಳಿದುಕೊಳ್ಳಲೇಬೇಕು. ಇದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಬರಬೇಕೆಂದಿಲ್ಲ. ಕೂಡಿಸಿ ಭಾಗಿಸಲು ಬಂದರೆ ಸಾಕು.

ಇಲ್ಲಿ ಪಾಸ್-ಫೇಲ್ ಇಲ್ಲ

ಎಸ್ಸೆಸ್ಸೆಲ್ಸಿಯಲ್ಲಿ ಪಾಸ್-ಫೇಲ್ ಉಂಟು. ಸಿಇಟಿ, ನೀಟ್‌ನಲ್ಲಿ ರ‍್ಯಾಂಕ್ ಉಂಟು. ಐಯೆಲ್ಟ್ಸ್‌ನಲ್ಲಿ ಎರಡೂ ಇಲ್ಲ. ಪಕ್ಕದಲ್ಲಿ ಕೂತವರು ಎಷ್ಟು ಚೆನ್ನಾಗಿ ಬರೆದರೂ ನಿಮ್ಮ ಮಗಳ ಸ್ಕೋರ್ ಕಡಿಮೆಯಾಗುವುದಿಲ್ಲ. 0ಯಿಂದ 9ರ ತನಕ ಒಂದು ಅಳತೆಗೋಲು ಇದೆ. ಅದರಲ್ಲಿ ಅವಳು ಎಲ್ಲಿ ನಿಂತಿದ್ದಾಳೆ ಎಂದಷ್ಟೇ ಹೇಳುತ್ತಾರೆ. ಅದಕ್ಕೇ ಬ್ಯಾಂಡ್ ಎನ್ನುವುದು. ಎಷ್ಟು ಬ್ಯಾಂಡ್ ಬೇಕು ಎನ್ನುವುದನ್ನು ಪರೀಕ್ಷೆ ನಡೆಸುವವರು ಹೇಳುವುದಿಲ್ಲ. ಆ ದೇಶದ ನರ್ಸಿಂಗ್ ಕೌನ್ಸಿಲ್, ಯೂನಿವರ್ಸಿಟಿ ಅಥವಾ ವೀಸಾ ಇಲಾಖೆ ಹೇಳುತ್ತದೆ.

ಪರೀಕ್ಷೆಗೆ ನಾಲ್ಕು ಭಾಗ: ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು. ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಎಂದು ಮಕ್ಕಳು ಹೇಳುವುದು ಇದನ್ನೇ. ನಾಲ್ಕಕ್ಕೂ ಬೇರೆ ಬೇರೆ ಬ್ಯಾಂಡ್ ಕೊಡುತ್ತಾರೆ. ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಒಟ್ಟು ಬ್ಯಾಂಡ್, ಅಂದರೆ ಓವರಾಲ್. ಅದನ್ನು ಹತ್ತಿರದ ಅರ್ಧಕ್ಕೆ ಅಥವಾ ಪೂರ್ಣಕ್ಕೆ ತರುತ್ತಾರೆ. ಸರಾಸರಿ 6.25 ಬಂದರೆ 6.5 ಮಾಡುತ್ತಾರೆ, 6.75 ಬಂದರೆ 7 ಮಾಡುತ್ತಾರೆ. ಆದರೆ 6.125 ಬಂದರೆ 6ಕ್ಕೇ ಇಳಿಸುತ್ತಾರೆ.

ಒಂದು ಲೆಕ್ಕ ನೋಡೋಣ. ಒಬ್ಬಳಿಗೆ ಲಿಸನಿಂಗ್ 7.5, ರೀಡಿಂಗ್ 7, ರೈಟಿಂಗ್ 6, ಸ್ಪೀಕಿಂಗ್ 7 ಬಂತು ಎಂದುಕೊಳ್ಳಿ. ಒಟ್ಟು 27.5. ನಾಲ್ಕರಿಂದ ಭಾಗಿಸಿದರೆ 6.875. ಓವರಾಲ್ 7 ಆಯಿತು. ಬ್ರಿಟನ್‌ನಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಸಂಸ್ಥೆ ಎನ್‌ಎಂಸಿ ಕೇಳುವುದೂ ಓವರಾಲ್ 7. ಮತ್ತೆ ಯಾಕೆ ಆಗಲಿಲ್ಲ? ಯಾಕೆಂದರೆ ಎನ್‌ಎಂಸಿ ಓವರಾಲ್ ಒಂದನ್ನೇ ನೋಡುವುದಿಲ್ಲ. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಇರಬೇಕು, ರೈಟಿಂಗ್‌ನಲ್ಲಿ 6.5 ಇರಬೇಕು. ಇವಳಿಗೆ ರೈಟಿಂಗ್‌ನಲ್ಲಿ ಅರ್ಧ ಬ್ಯಾಂಡ್ ಕೊರತೆ, ಅಷ್ಟೇ. ‘ಏಳು ಬಂತು, ಆದ್ರೆ ಆಗ್ಲಿಲ್ಲ’ ಎಂಬ ಮಾತಿನ ಒಳಗೆ ಇರುವುದು ಇದು. ಮೊದಲು ರೈಟಿಂಗ್‌ನಲ್ಲೂ 7 ಕೇಳುತ್ತಿದ್ದರು. 2018ರ ಡಿಸೆಂಬರ್‌ನಲ್ಲಿ ಎನ್‌ಎಂಸಿ ಅದನ್ನು 6.5ಕ್ಕೆ ಇಳಿಸಿತು.

ದೇಶ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಇನ್ನೊಬ್ಬಳಿಗೆ ಲಿಸನಿಂಗ್ 7.5, ರೀಡಿಂಗ್ 6.5, ರೈಟಿಂಗ್ 7, ಸ್ಪೀಕಿಂಗ್ 7 ಬಂದಿದೆ ಎನ್ನಿ. ಓವರಾಲ್ ಸರಿಯಾಗಿ 7. ಬ್ರಿಟನ್‌ಗೆ ಇದು ಆಗುವುದಿಲ್ಲ, ಅಲ್ಲಿ ರಿಯಾಯಿತಿ ಇರುವುದು ರೈಟಿಂಗ್‌ಗೆ ಮಾತ್ರ. ಐರ್ಲೆಂಡ್‌ನ ನರ್ಸಿಂಗ್ ಬೋರ್ಡ್‌ಗೆ ಇದೇ ಸ್ಕೋರ್ ಆಗುತ್ತದೆ. ಓವರಾಲ್ 7, ಯಾವುದಾದರೂ ಮೂರರಲ್ಲಿ 7, ಉಳಿದ ಒಂದರಲ್ಲಿ 6.5 ಇದ್ದರೆ ಅವರಿಗೆ ಸಾಕು. ಡಾಕ್ಟರ್‌ಗಳಿಗೆ ಬ್ರಿಟನ್‌ನಲ್ಲಿ ಇನ್ನೂ ಬಿಗಿ: ಓವರಾಲ್ 7.5, ಯಾವ ಭಾಗದಲ್ಲೂ 7ಕ್ಕಿಂತ ಕಡಿಮೆ ಬರಬಾರದು.

ಕೇಳುವುದು, ಓದುವುದು: 40 ಪ್ರಶ್ನೆ

ಲಿಸನಿಂಗ್‌ನಲ್ಲಿ 40, ರೀಡಿಂಗ್‌ನಲ್ಲಿ 40 ಪ್ರಶ್ನೆ. ಸರಿ ಉತ್ತರಕ್ಕೆ ಒಂದು ಮಾರ್ಕ್. ನೀಟ್ ಥರ ತಪ್ಪಿಗೆ ಮಾರ್ಕ್ ಕಡಿಯುವುದಿಲ್ಲ. ಆದ್ದರಿಂದ ಗೊತ್ತಿಲ್ಲದಿದ್ದರೂ ಒಂದೂ ಖಾಲಿ ಬಿಡಬಾರದು. ಲಿಸನಿಂಗ್‌ನಲ್ಲಿ ಹೆಚ್ಚುಕಡಿಮೆ 23 ಸರಿ ಇದ್ದರೆ 6, 30 ಸರಿ ಇದ್ದರೆ 7, 35 ಸರಿ ಇದ್ದರೆ 8 ಬರುತ್ತದೆ. ಪ್ರಶ್ನೆಪತ್ರಿಕೆಯ ಕಷ್ಟ ನೋಡಿ ಇದು ಸ್ವಲ್ಪ ಆಚೀಚೆ ಆಗಬಹುದು.

ರೀಡಿಂಗ್‌ನಲ್ಲಿ ಒಂದು ವಿಷಯ ಗಮನಿಸಬೇಕು. ಐಯೆಲ್ಟ್ಸ್‌ನಲ್ಲಿ ಅಕಾಡೆಮಿಕ್, ಜನರಲ್ ಟ್ರೈನಿಂಗ್ ಎಂದು ಎರಡು ಬಗೆ. ಅಕಾಡೆಮಿಕ್‌ನ ರೀಡಿಂಗ್ ಕಷ್ಟ, ಆದ್ದರಿಂದ 30 ಸರಿ ಇದ್ದರೆ 7 ಕೊಡುತ್ತಾರೆ. ಜನರಲ್ ಟ್ರೈನಿಂಗ್ ಸ್ವಲ್ಪ ಸುಲಭ, ಅದರಲ್ಲಿ 7 ಬೇಕಾದರೆ ಸುಮಾರು 34 ಸರಿ ಇರಬೇಕು. ಕಾಲೇಜು ಸೇರುವವರು, ನರ್ಸ್, ಡಾಕ್ಟರ್‌ಗಳು ಅಕಾಡೆಮಿಕ್ ಬರೆಯಬೇಕು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಜನರಲ್ ಟ್ರೈನಿಂಗ್. ಇದನ್ನು ಅದಲು ಬದಲು ಮಾಡಿ ಫೀಸ್ ಕಟ್ಟಿದರೆ ಎಷ್ಟು ಒಳ್ಳೆಯ ಸ್ಕೋರ್ ಬಂದರೂ ಪ್ರಯೋಜನಕ್ಕೆ ಬರುವುದಿಲ್ಲ.

ಇಂಗ್ಲಿಷ್ ಚೆನ್ನಾಗಿ ಬರುವವರೂ ಲಿಸನಿಂಗ್‌ನಲ್ಲಿ ಮಾರ್ಕ್ ಕಳೆದುಕೊಳ್ಳುವುದು ಸಣ್ಣ ವಿಷಯಗಳಿಗೆ. ಆಡಿಯೊ ಒಮ್ಮೆ ಮಾತ್ರ ಕೇಳಿಸುತ್ತಾರೆ. ಸ್ಪೆಲ್ಲಿಂಗ್ ತಪ್ಪಿದರೆ ಉತ್ತರವೇ ತಪ್ಪು. ಬಹುವಚನದ ‘ಎಸ್’ ಬಿಟ್ಟುಹೋದರೂ ಮಾರ್ಕ್ ಹೋಗಬಹುದು. ‘ಎರಡು ಪದಕ್ಕಿಂತ ಹೆಚ್ಚು ಬರೆಯಬೇಡಿ’ ಎಂದಿದ್ದ ಕಡೆ ಮೂರು ಪದ ಬರೆದರೆ, ವಿಷಯ ಸರಿಯಿದ್ದರೂ ಸೊನ್ನೆ. ಬ್ರಿಟಿಷ್ ಸ್ಪೆಲ್ಲಿಂಗ್ ಆದರೂ ಅಮೆರಿಕನ್ ಸ್ಪೆಲ್ಲಿಂಗ್ ಆದರೂ ಒಪ್ಪುತ್ತಾರೆ. 29 ಸರಿಯಾದವರಿಗೂ 30 ಸರಿಯಾದವರಿಗೂ ಇಂಗ್ಲಿಷ್‌ನಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆದರೆ ಆ ಒಂದು ‘ಎಸ್’ ಬಿಟ್ಟದ್ದಕ್ಕೆ 7 ಹೋಗಿ 6.5 ಆಗಬಹುದು.

ರೈಟಿಂಗ್‌ನಲ್ಲಿ ಯಾಕೆ ಎಡವುತ್ತಾರೆ?

ಹೆಚ್ಚಿನ ಮನೆಗಳಲ್ಲಿ ಕಣ್ಣೀರು ಹಾಕಿಸುವುದು ರೈಟಿಂಗ್. ಒಂದು ಗಂಟೆಯಲ್ಲಿ ಎರಡು ಟಾಸ್ಕ್. ಮೊದಲನೆಯದು ಕನಿಷ್ಠ 150 ಪದ, ಎರಡನೆಯದು ಕನಿಷ್ಠ 250 ಪದ. ಎರಡನೆಯದಕ್ಕೆ ಮೊದಲನೆಯದರ ಎರಡು ಪಟ್ಟು ತೂಕ. ಮೊದಲ ಟಾಸ್ಕ್‌ನ ಗ್ರಾಫನ್ನು ಚಂದ ಮಾಡ್ಲಿಕ್ಕೆ ಹೋಗಿ ಅದಕ್ಕೇ 35 ನಿಮಿಷ ಹಾಕಿದರೆ, ಹೆಚ್ಚು ತೂಕದ ಪ್ರಬಂಧಕ್ಕೆ ಉಳಿಯುವುದು 25 ನಿಮಿಷ. ಮೊದಲನೆಯದಕ್ಕೆ 20, ಎರಡನೆಯದಕ್ಕೆ 40 ನಿಮಿಷ ಎನ್ನುವುದು ಸರಿಯಾದ ಹಂಚಿಕೆ.

ಇಲ್ಲಿ ಮಾರ್ಕ್ ಹಾಕುವುದು ನಾಲ್ಕು ವಿಷಯ ನೋಡಿ, ನಾಲ್ಕಕ್ಕೂ ಸಮಪಾಲು. ಒಂದು, ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟಿದ್ದಾರಾ. ಎರಡು, ಮಾತಿಗೆ ಮಾತು ಕೊಂಡಿ ಹಾಕಿ ಪ್ಯಾರಾ ಪ್ಯಾರಾ ಮಾಡಿ ಬರೆದಿದ್ದಾರಾ. ಮೂರು, ಪದಗಳ ಬಳಕೆ. ನಾಲ್ಕು, ವ್ಯಾಕರಣ. ಅಂದರೆ ವ್ಯಾಕರಣಕ್ಕೆ ಇರುವುದು ಕಾಲು ಭಾಗ. ನಾವು ಮಕ್ಕಳಿಗೆ ‘ಗ್ರಾಮರ್ ಕಲಿ, ಗ್ರಾಮರ್ ಕಲಿ’ ಅನ್ನುತ್ತೇವೆ. ಉಳಿದ ಮುಕ್ಕಾಲು ಪಾಲಿನ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಉದಾಹರಣೆಗೆ ಇಂಥ ಒಂದು ಪ್ರಶ್ನೆ ಬಂತು ಅನ್ನಿ: ‘ಆಸ್ಪತ್ರೆಗಳನ್ನು ಸರಕಾರವೇ ನಡೆಸಬೇಕೆಂದು ಕೆಲವರು, ಖಾಸಗಿಯವರು ನಡೆಸಲಿ ಎಂದು ಕೆಲವರು ಹೇಳುತ್ತಾರೆ. ಎರಡನ್ನೂ ಚರ್ಚಿಸಿ ನಿಮ್ಮ ಅಭಿಪ್ರಾಯ ಕೊಡಿ.’ ನಮ್ಮ ಹುಡುಗಿ ಸರಕಾರಿ ಆಸ್ಪತ್ರೆಯ ಪರವಾಗಿ 280 ಪದ ಒಂದೂ ತಪ್ಪಿಲ್ಲದೆ ಬರೆದಳು. ಖಾಸಗಿಯವರ ಪರವಾದ ವಾದವನ್ನು ಮುಟ್ಟಲೇ ಇಲ್ಲ. ಮೊದಲ ಕಾಲು ಭಾಗದಲ್ಲಿ ಸ್ಕೋರ್ ಇಳಿಯುತ್ತದೆ. ‘ಅಷ್ಟು ಚೆನ್ನಾಗಿ ಬರೆದಿದ್ದೆ, ಮತ್ತೆ ಹೇಗೆ 6 ಬಂತು?’ ಎಂದು ಅವಳು ಕೇಳುತ್ತಾಳೆ. ಅವಳ ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೆ ಮಾರ್ಕ್ ಇಲ್ಲ. ಆ ಅಭಿಪ್ರಾಯ ಸ್ಪಷ್ಟ ಇದೆಯಾ, ಕೊನೆಯ ತನಕ ಅದೇ ನಿಲುವು ಇದೆಯಾ ಎಂದು ನೋಡುತ್ತಾರೆ.

ಇನ್ನೊಂದು ತೊಂದರೆ ಕಂಠಪಾಠ. ಕೆಲವು ಕಡೆ ಪ್ರಬಂಧದ ಅಚ್ಚು ಬಾಯಿಪಾಠ ಮಾಡಿಸಿ ಕಳಿಸುತ್ತಾರೆ. ಯಾವ ವಿಷಯ ಬಂದರೂ ಅದೇ ಆರಂಭ, ಅದೇ ಮುಕ್ತಾಯ, ನಡುವೆ ನಾಲ್ಕು ದೊಡ್ಡ ದೊಡ್ಡ ಪದ. ಮೌಲ್ಯಮಾಪನ ಮಾಡುವವರು ತರಬೇತಿ ಪಡೆದವರು. ಉರು ಹೊಡೆದದ್ದು ಯಾವುದು, ಸ್ವಂತ ಬರೆದದ್ದು ಯಾವುದು ಎಂದು ಅವರಿಗೆ ಗೊತ್ತಾಗುತ್ತದೆ, ಉರು ಹೊಡೆದದ್ದಕ್ಕೆ ಸ್ಕೋರ್ ಸಿಗುವುದಿಲ್ಲ. ಕೋಚಿಂಗ್‌ಗೆ ಸೇರಿಸುವ ಮೊದಲು ಬಾಪಂದಿರು ಒಂದು ಪ್ರಶ್ನೆ ಕೇಳಬೇಕು: ‘ವಾರಕ್ಕೆ ಎಷ್ಟು ಪ್ರಬಂಧ ಬರೆಸಿ, ತಿದ್ದಿ, ಯಾವ ಭಾಗದಲ್ಲಿ ಎಷ್ಟು ಕೊರತೆ ಎಂದು ಹೇಳ್ತೀರಿ?’ ಈ ಪ್ರಶ್ನೆಗೆ ಉತ್ತರ ಕೊಡದ ಕಡೆ ದುಡ್ಡು ಕಟ್ಟುವ ಅಗತ್ಯ ಇಲ್ಲ.

ಮಾತಿನ ಪರೀಕ್ಷೆ: ನಮ್ಮ ಧಾಟಿಗೆ ದಂಡ ಇಲ್ಲ

ಸ್ಪೀಕಿಂಗ್ 11ರಿಂದ 14 ನಿಮಿಷ. ಒಬ್ಬ ಪರೀಕ್ಷಕರ ಜೊತೆ ಮಾತುಕತೆ, ಅದನ್ನು ರೆಕಾರ್ಡ್ ಮಾಡುತ್ತಾರೆ. ಮೊದಲು ಮನೆ, ಊರು, ಕೆಲಸದ ಬಗ್ಗೆ ಸುಲಭ ಪ್ರಶ್ನೆ. ಆಮೇಲೆ ಒಂದು ಕಾರ್ಡ್ ಕೊಟ್ಟು ಒಂದು ನಿಮಿಷ ಯೋಚಿಸಲು ಬಿಡುತ್ತಾರೆ, ಎರಡು ನಿಮಿಷದ ತನಕ ಒಬ್ಬರೇ ಮಾತನಾಡಬೇಕು. ಕೊನೆಗೆ ಅದೇ ವಿಷಯದ ಮೇಲೆ ಚರ್ಚೆ. ಇಲ್ಲೂ ನಾಲ್ಕು ಸಮಪಾಲು: ತಡವರಿಸದೆ ಮಾತು ಮುಂದುವರಿಸುವುದು, ಪದಗಳು, ವ್ಯಾಕರಣ, ಉಚ್ಚಾರ.

ಉಚ್ಚಾರ ಅಂದ ಕೂಡಲೇ ನಮ್ಮ ಮಕ್ಕಳಿಗೆ ಹೆದರಿಕೆ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಕೇಳಿ ಬೆಳೆದ ಬಾಯಿ ಅದು. ಇಂಗ್ಲಿಷ್‌ನಲ್ಲೂ ಆ ಧಾಟಿ ಸ್ವಲ್ಪ ಬರುತ್ತದೆ. ಅದಕ್ಕೆ ದಂಡ ಇಲ್ಲ ಮಾರಾಯ್ರೆ. ಬ್ರಿಟಿಷರ ಹಾಗೆ ಮಾತನಾಡಬೇಕೆಂದು ಯಾರೂ ಕೇಳುವುದಿಲ್ಲ. ಕೇಳುವವರು ಕಷ್ಟಪಡದೆ ಅರ್ಥ ಮಾಡಿಕೊಳ್ಳಬೇಕು, ಒತ್ತು ಕೊಡಬೇಕಾದ ಪದಕ್ಕೆ ಒತ್ತು ಬೀಳಬೇಕು, ಅಷ್ಟೇ ನೋಡುವುದು. ನಾಲ್ಕು ಭಾಷೆಯಲ್ಲಿ ಓಡಾಡುವ ಮಕ್ಕಳಿಗೆ ಮಾತು ಹೊಸತಲ್ಲ. ಪ್ರತಿ ವಾಕ್ಯವನ್ನೂ ಮನಸ್ಸಲ್ಲಿ ಮೊದಲು ಬ್ಯಾರಿಯಲ್ಲಿ ಕಟ್ಟಿ ಆಮೇಲೆ ಇಂಗ್ಲಿಷಿಗೆ ತಿರುಗಿಸಲು ಹೋದಾಗ ಮಾತ್ರ ಮಾತು ನಿಂತು ನಿಂತು ಬರುತ್ತದೆ, ಅದಕ್ಕೆ ಮಾರ್ಕ್ ಹೋಗುತ್ತದೆ. ಇದಕ್ಕೆ ಮದ್ದು ಮನೆಯಲ್ಲೇ ಉಂಟು. ದಿನಕ್ಕೆ ಹತ್ತು ನಿಮಿಷ ತಮ್ಮನೊಟ್ಟಿಗೋ ತಂಗಿಯೊಟ್ಟಿಗೋ ಇಂಗ್ಲಿಷ್ ಮಾತನಾಡಲಿ. ನಗುವವರನ್ನು ಉಮ್ಮ ಸ್ವಲ್ಪ ಗದರಿಸಲಿ.

ನರ್ಸ್‌ಗಳಿಗೆ ಇನ್ನೊಂದು ದಾರಿ

ರೈಟಿಂಗ್‌ನಲ್ಲಿ ಮತ್ತೆ ಮತ್ತೆ ನಿಲ್ಲುವ ನರ್ಸ್‌ಗಳಿಗೆ ಒಇಟಿ ಎಂಬ ಪರೀಕ್ಷೆ ಇದೆ. ಆರೋಗ್ಯ ಕ್ಷೇತ್ರದವರಿಗೆ ಮಾತ್ರ ಇರುವ ಪರೀಕ್ಷೆ ಇದು, ಎನ್‌ಎಂಸಿ 2017ರಿಂದ ಇದನ್ನೂ ಒಪ್ಪುತ್ತಿದೆ. ಇಲ್ಲಿ ಪರಿಸರ, ತಂತ್ರಜ್ಞಾನದ ಮೇಲೆ ಪ್ರಬಂಧ ಇಲ್ಲ. ಒಬ್ಬ ರೋಗಿಯ ಕೇಸ್ ನೋಟ್ಸ್ ಕೊಟ್ಟು, ಡಿಸ್ಚಾರ್ಜ್ ಅಥವಾ ರೆಫರಲ್ ಪತ್ರ ಬರೆಯಲು ಹೇಳುತ್ತಾರೆ. ಸ್ಪೀಕಿಂಗ್‌ನಲ್ಲಿ ನರ್ಸ್ ರೋಗಿಯ ಜೊತೆ ಮಾತನಾಡುವ ಎರಡು ಸನ್ನಿವೇಶ. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಇದು ಪರಿಚಿತ ಲೋಕ.

ಸ್ಕೋರ್ 0ಯಿಂದ 500. 350ರಿಂದ 440 ಬಂದರೆ ಬಿ ಗ್ರೇಡ್, 300ರಿಂದ 340 ಬಂದರೆ ಸಿ ಪ್ಲಸ್. ಬ್ರಿಟನ್‌ಗೆ ಮೂರು ಭಾಗದಲ್ಲಿ ಬಿ, ರೈಟಿಂಗ್‌ನಲ್ಲಿ ಸಿ ಪ್ಲಸ್ ಬೇಕು. ಪತ್ರಕ್ಕೆ ಮಾರ್ಕ್ ಹಾಕುವಾಗ ಆರು ವಿಷಯ ನೋಡುತ್ತಾರೆ. ಪತ್ರ ಯಾಕೆ ಬರೆದದ್ದು ಎಂದು ಓದುವವರಿಗೆ ಕೂಡಲೇ ತಿಳಿಯುತ್ತದಾ, ಬೇಕಾದ ವಿವರ ಇದೆಯಾ, ಬೇಡದ್ದನ್ನು ಬಿಟ್ಟಿದ್ದಾರಾ ಎನ್ನುವುದೂ ಅದರಲ್ಲಿ ಸೇರಿದೆ. ನೋಟ್ಸ್‌ನಲ್ಲಿ ಇದ್ದದ್ದನ್ನೆಲ್ಲ ತುಂಬಿಸಿದರೆ ಇಲ್ಲಿ ಲಾಭ ಇಲ್ಲ. ಒಇಟಿಯ ಫೀಸ್ ಮಾತ್ರ ಐಯೆಲ್ಟ್ಸ್‌ಗಿಂತ ಹೆಚ್ಚು, ಅದನ್ನು ನೋಡಿಕೊಂಡು ನಿರ್ಧರಿಸಬೇಕು.

ಕಂಪ್ಯೂಟರ್ ಮಾರ್ಕ್ ಹಾಕುವ ಪಿಟಿಇ ಬೇರೆ ಉಂಟು. ಅದರ ಅಳತೆ 10ರಿಂದ 90. ಅಲ್ಲಿ ಒಂದೇ ಉತ್ತರಕ್ಕೆ ಎರಡು ಭಾಗದಲ್ಲಿ ಮಾರ್ಕ್ ಬರುವುದೂ ಉಂಟು. ಕೇಳಿದ್ದನ್ನು ಸಂಕ್ಷೇಪಿಸಿ ಬರೆದರೆ ಲಿಸನಿಂಗ್‌ಗೂ ರೈಟಿಂಗ್‌ಗೂ ಸೇರುತ್ತದೆ. ಯಾವ ಪರೀಕ್ಷೆ ಬರೆಯಬೇಕು ಎನ್ನುವುದನ್ನು ಹೋಗುವ ದೇಶದ ಸಂಸ್ಥೆ ಯಾವುದನ್ನು ಒಪ್ಪುತ್ತದೆ ಎಂದು ನೋಡಿಯೇ ತೀರ್ಮಾನಿಸಬೇಕು. ಗೆಳತಿ ಬರೆದಳು ಎಂದು ಬರೆಯುವುದಲ್ಲ.

ಕೆನಡಾಕ್ಕೆ ಹೋಗುವವರಿಗೆ, ಗಂಡನ ಹತ್ತಿರ ಹೋಗುವವರಿಗೆ

ಗಲ್ಫ್‌ನಲ್ಲಿ ಹತ್ತು ವರ್ಷ ದುಡಿದು ಕೆನಡಾಕ್ಕೆ ಅರ್ಜಿ ಹಾಕುವವರು ಸಿಎಲ್‌ಬಿ ಎಂಬ ಶಬ್ದ ಕೇಳಿರುತ್ತಾರೆ. ಐಯೆಲ್ಟ್ಸ್ ಬ್ಯಾಂಡನ್ನು ಕೆನಡಾ ತನ್ನ ಅಳತೆಗೆ ಪರಿವರ್ತಿಸಿಕೊಳ್ಳುವ ಲೆಕ್ಕ ಅದು. ನಾಲ್ಕರಲ್ಲೂ 6 ಇದ್ದರೆ ಸಿಎಲ್‌ಬಿ 7. ಸಿಎಲ್‌ಬಿ 9 ಬೇಕಾದರೆ ಲಿಸನಿಂಗ್‌ನಲ್ಲಿ 8, ಉಳಿದ ಮೂರರಲ್ಲಿ 7 ಬರಬೇಕು. ಇಲ್ಲಿ ಓವರಾಲ್‌ಗೆ ಬೆಲೆಯೇ ಇಲ್ಲ. ನಾಲ್ಕನ್ನೂ ಬೇರೆ ಬೇರೆ ನೋಡಿ ಪಾಯಿಂಟ್ ಕೊಡುತ್ತಾರೆ. ಆದ್ದರಿಂದ ಲಿಸನಿಂಗ್‌ನಲ್ಲಿ 7.5 ಬಂದು ಅರ್ಧ ಬ್ಯಾಂಡ್ ಕೈತಪ್ಪಿದರೆ ಪಾಯಿಂಟ್ ದೊಡ್ಡ ಮಟ್ಟದಲ್ಲಿ ಇಳಿಯುತ್ತದೆ.

ಮದುವೆಯಾಗಿ ಬ್ರಿಟನ್‌ಗೆ ಗಂಡನ ಹತ್ತಿರ ಹೋಗುವ ಹೆಣ್ಣುಮಕ್ಕಳಿಗೆ ಇಷ್ಟು ದೊಡ್ಡ ಪರೀಕ್ಷೆ ಬೇಕಾಗಿಲ್ಲ. ಸ್ಪೌಸ್ ವೀಸಾದ ಮೊದಲ ಹಂತಕ್ಕೆ ಐಯೆಲ್ಟ್ಸ್ ಲೈಫ್ ಸ್ಕಿಲ್ಸ್ ಎ1 ಎಂಬ ಚಿಕ್ಕ ಪರೀಕ್ಷೆ ಸಾಕಾಗುತ್ತದೆ. ಅದರಲ್ಲಿ ಓದು-ಬರಹ ಇಲ್ಲ, ಕೇಳುವುದು ಮತ್ತು ಮಾತನಾಡುವುದು ಮಾತ್ರ. ಇಬ್ಬರನ್ನು ಒಟ್ಟಿಗೆ ಕೂರಿಸಿ ಪರೀಕ್ಷಕರು 16ರಿಂದ 18 ನಿಮಿಷ ಮಾತನಾಡಿಸುತ್ತಾರೆ. ಇದೊಂದಕ್ಕೆ ಮಾತ್ರ ‘ಪಾಸಾ, ಫೇಲಾ’ ಎಂದು ಕೇಳಬಹುದು. ಇದರಲ್ಲಿ ಬ್ಯಾಂಡ್ ಇಲ್ಲ. ಇದಕ್ಕೆಂದು ಪೂರ್ತಿ ಐಯೆಲ್ಟ್ಸ್ ಕೋಚಿಂಗ್‌ಗೆ ಸೇರಿಸಿ ಸಾವಿರಾರು ರೂಪಾಯಿ ತೆಗೆದುಕೊಳ್ಳುವವರಿದ್ದರೆ ಎರಡು ಸಲ ಯೋಚಿಸಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ವಾರದಲ್ಲಿ ಬ್ರಿಟನ್ ಸರಕಾರದ ಅಧಿಕೃತ ಮಾಹಿತಿ ನೋಡಿಕೊಳ್ಳಬೇಕು.

ಅರ್ಧ ಬ್ಯಾಂಡ್ ಕಡಿಮೆ ಬಂದರೆ

ಮೊದಲು ನಾಲ್ಕು ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆಯಿರಿ. ಪಕ್ಕದಲ್ಲಿ ಬೇಕಾದ ನಾಲ್ಕು ಸಂಖ್ಯೆ ಬರೆಯಿರಿ. ಯಾವುದರಲ್ಲಿ ಎಷ್ಟು ಕೊರತೆ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ನೋಡಬೇಕಾದ ದಾರಿಗಳು ಮೂರು.

ಒಂದು, ಮರುಮೌಲ್ಯಮಾಪನ. ಪರೀಕ್ಷೆಯ ದಿನದಿಂದ ಆರು ವಾರದ ಒಳಗೆ ಅರ್ಜಿ ಹಾಕಬಹುದು, ಹಿರಿಯ ಪರೀಕ್ಷಕರು ಮತ್ತೆ ನೋಡುತ್ತಾರೆ. ಸ್ಕೋರ್ ಏರಿದರೆ ಕಟ್ಟಿದ ಫೀಸ್ ವಾಪಸ್ ಬರುತ್ತದೆ. ಲಿಸನಿಂಗ್, ರೀಡಿಂಗ್‌ನಲ್ಲಿ ಉತ್ತರ ಸರಿ ಅಥವಾ ತಪ್ಪು, ಅಲ್ಲಿ ಬದಲಾಗುವುದಕ್ಕೆ ಜಾಗ ಕಡಿಮೆ. ಮನುಷ್ಯರು ಕೂತು ಮಾರ್ಕ್ ಹಾಕುವ ರೈಟಿಂಗ್, ಸ್ಪೀಕಿಂಗ್‌ನಲ್ಲಿ ಅರ್ಧ ಬ್ಯಾಂಡ್ ಕೊರತೆ ಇದ್ದು, ಉಳಿದದ್ದರಲ್ಲಿ ಒಳ್ಳೆಯ ಸ್ಕೋರ್ ಇದ್ದರೆ ಕೇಳಿ ನೋಡುವುದರಲ್ಲಿ ಅರ್ಥ ಇದೆ.

ಎರಡು, ಒಂದೇ ಭಾಗವನ್ನು ಮತ್ತೆ ಬರೆಯುವುದು. ಕಂಪ್ಯೂಟರ್‌ನಲ್ಲಿ ಪರೀಕ್ಷೆ ಬರೆದವರು 60 ದಿನದ ಒಳಗೆ ಯಾವುದಾದರೂ ಒಂದು ಭಾಗವನ್ನು ಮಾತ್ರ ಮತ್ತೆ ಬರೆಯಬಹುದು. ಆದರೆ ಈ ಸ್ಕೋರನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ. ಮೊದಲು ಕೇಳಿ, ಆಮೇಲೆ ದುಡ್ಡು ಕಟ್ಟಿ.

ಮೂರು, ಎರಡು ಸಲದ ಸ್ಕೋರ್ ಕೂಡಿಸುವುದು. 12 ತಿಂಗಳ ಒಳಗೆ ಎರಡು ಸಲ ಬರೆದು, ಎರಡರಲ್ಲೂ ಕನಿಷ್ಠ ಮಟ್ಟ ಕಾಯ್ದುಕೊಂಡಿದ್ದರೆ ಎನ್‌ಎಂಸಿ ಎರಡನ್ನೂ ಸೇರಿಸಿ ನೋಡುತ್ತದೆ. ಅಂದರೆ ಮೊದಲ ಸಲ ಬಂದ ಒಳ್ಳೆಯ ಸ್ಕೋರ್ ವ್ಯರ್ಥ ಆಗಬೇಕೆಂದಿಲ್ಲ. ಐಯೆಲ್ಟ್ಸ್ ಸ್ಕೋರ್‌ಗೆ ಸಾಮಾನ್ಯವಾಗಿ ಎರಡು ವರ್ಷದ ಆಯುಷ್ಯ. ಆ ತಾರೀಕು ಮರೆಯಬಾರದು.

ಇದರ ಹೊರಗೆ ಇನ್ನೊಂದು ‘ದಾರಿ’ ತೋರಿಸುವವರಿದ್ದಾರೆ. ‘ಪರೀಕ್ಷೆ ಬರೆಯುವುದು ಬೇಡ, ಇಷ್ಟು ಲಕ್ಷ ಕೊಡಿ, ಸರ್ಟಿಫಿಕೇಟ್ ಮಾಡಿಸಿ ಕೊಡ್ತೇವೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಾರೆ. ಪ್ರತಿ ಸ್ಕೋರನ್ನೂ ಆ ದೇಶದ ಸಂಸ್ಥೆಗಳು ಪರೀಕ್ಷೆ ನಡೆಸಿದವರ ದಾಖಲೆಯಲ್ಲೇ ಆನ್‌ಲೈನ್‌ನಲ್ಲಿ ನೋಡಿ ಖಚಿತ ಮಾಡಿಕೊಳ್ಳುತ್ತವೆ. ಕಾಗದ ಎಷ್ಟು ಅಸಲಿಯಂತೆ ಕಂಡರೂ ದಾಖಲೆಯಲ್ಲಿ ಇಲ್ಲದಿದ್ದರೆ ಸಿಕ್ಕಿಬೀಳುತ್ತದೆ. ಬ್ರಿಟನ್‌ನಲ್ಲಿ ವೀಸಾಕ್ಕೆ ವಂಚನೆ ಮಾಡಿದ್ದು ಗೊತ್ತಾದರೆ ಹತ್ತು ವರ್ಷದ ತನಕ ಬಾಗಿಲು ಮುಚ್ಚಬಹುದು. ಅರ್ಧ ಬ್ಯಾಂಡ್ ಕೊರತೆಯನ್ನು ಮೂರು ತಿಂಗಳ ಅಭ್ಯಾಸದಲ್ಲಿ ತುಂಬಿಸಬಹುದು. ಈ ಹತ್ತು ವರ್ಷವನ್ನು ಯಾವ ಏಜೆಂಟೂ ತುಂಬಿಸಿ ಕೊಡುವುದಿಲ್ಲ.

ಆದ್ದರಿಂದ ಮುಂದಿನ ಸಲ ಮನೆಯಲ್ಲಿ ರಿಸಲ್ಟ್ ಬಂದರೆ, ‘ಯಾವುದರಲ್ಲಿ ಎಷ್ಟು ಬಂತು, ಎಷ್ಟು ಬೇಕಿತ್ತು?’ ಎಂದು ಕೇಳಿ. ಮಗಳು ಹೇಳುವುದನ್ನು ಕೂತು ಕೇಳಿಸಿಕೊಳ್ಳಿ, ಕಾಗದದಲ್ಲಿ ಬರೆದುಕೊಳ್ಳಿ. ಮದುವೆ ಮಾತು, ಊರಿನವರ ಮಾತು ಆ ದಿನ ಬೇಡ. ಆರು ವಾರ, 60 ದಿನ, 12 ತಿಂಗಳು ಎಂಬ ಗಡುವುಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಯಾವ ದಾರಿ ಹಿಡಿಯಬೇಕೆಂದು ಅವಳ ಜೊತೆ ಕೂತು ತೀರ್ಮಾನಿಸಿ.